ಅರೆಕಾಲಿಕ ಕೆಲಸಕ್ಕೆ ಬಿದ್ದ ಅಕ್ಕಿಕಾಳು

ಓದುತ್ತಲೇ ದುಡಿಯುವುದು ಬಹಳ ಸುಲಭ ಎಂಬುದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ದುಡಿಯುವುದು ಹೇಗೆ ಎಂಬುದೊಂದೇ.

ಆಗ ನಾನು ಬೆಳಗಾವಿಯ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಎಂ.ಎ. ಓದುತ್ತಿದ್ದೆ. ಸಂಗೊಳ್ಳಿಯ ಮನೆಯಿಂದ ಬೆಳಗಿನ ಬಸ್ಸು ಹಿಡಿದು ಬೈಲಹೊಂಗಲ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬೆಳಗಾವಿ. ಸೀಟು ಸಿಕ್ಕ ದಿನ ಪುಸ್ತಕ ಓದುತ್ತಿದ್ದೆ, ಸಿಗದ ದಿನ ಸಮಾಜವನ್ನೇ ನೇರವಾಗಿ ಅಧ್ಯಯನ ಮಾಡುತ್ತಿದ್ದೆ. ಎಲ್ಲ ಸುಸೂತ್ರವಾಗಿ ನಡೆದಿತ್ತು, ರಾಮದುರ್ಗದಿಂದ ಒಂದು ಸಂಬಂಧ ಬರುವವರೆಗೆ. ಹುಡುಗನ ತಾಯಿ ಗಂಗವ್ವ ಎಂಬವರು ಯಾರೋ ನೆಂಟರ ಮನೆಯಲ್ಲಿ ನನ್ನ ಫೋಟೊ ನೋಡಿ ಮೆಚ್ಚಿ, ಅದನ್ನು ಇಸಿದುಕೊಂಡು ಹೋಗಿದ್ದರಂತೆ.

"ಎಂ.ಎ. ಆದಮ್ಯಾಲೆ ಲಗ್ನಾ ಮಾಡ ಬೇ," ಎಂದೆ ಅವ್ವನಿಗೆ.

"ಎಂ.ಎ. ಮುಗಿಸಿ ಏನ ಕಡದ ಗುಡ್ಡಿ ಹಾಕಾಕಿ? ಲಗ್ನಾದ ಮ್ಯಾಲೂ ಕಲೀಲಿ ಅಂದಾರ ಅವರು."

"ಹಂಗ ಅಂದವರ ಮನ್ಯಾಗ ಎಷ್ಟ ಸೊಸ್ತ್ಯಾರು ಕಲತಾರ, ಕೇಳಕೊಂಡ ಬಾ."

ಈ ಮಾತು ದಿನವೂ ಊಟದ ಹೊತ್ತಿಗೆ ನಡೆಯುತ್ತಿತ್ತು. ರೊಟ್ಟಿ ತಣ್ಣಗಾಗುವುದನ್ನು ನೋಡಲಾರದೆ ಒಂದು ದಿನ ಅಪ್ಪ ನಡುವೆ ಬಾಯಿ ಹಾಕಿದ. "ಒಂದ ಕೆಲಸಾ ಮಾಡ್ರಿ. ಆಕಿ ಕಲಕೋತ ಏನಾರ ಕೆಲಸಾ ಹಿಡೀಲಿ. ಬಸ್ಸಿಂದು, ಪುಸ್ತಕದ್ದು ತಾನ ನೋಡಕೊಂಡ್ಲಂದ್ರ ಎಂ.ಎ. ಮುಗಿಯೂತನಕಾ ಲಗ್ನದ ಸುದ್ದಿ ಬ್ಯಾಡ. ಯುಗಾದಿಯೊಳಗ ಕೆಲಸಾ ಸಿಗಲಿಲ್ಲಂದ್ರ ರಾಮದುರ್ಗದವರು ಬಂದು ಕನ್ಯಾ ನೋಡಿ ಹೋಗಲಿ."

ಅವ್ವ ತಕ್ಷಣ ಒಪ್ಪಿದಳು. ಅವಳು ಅಷ್ಟು ಬೇಗ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಅವಳಿಗೆ ನನ್ನ ಮೇಲೆ ಪೂರ್ಣ ವಿಶ್ವಾಸವಿತ್ತು, ಇದು ನನ್ನಿಂದ ಆಗುವ ಮಾತಲ್ಲ ಎಂಬ ವಿಶ್ವಾಸ.

ಮೊದಲು ಬೈಲಹೊಂಗಲದ ಪೇಟೆಯಲ್ಲಿ ಒಂದು ಸೀರೆ ಅಂಗಡಿ ಸೇರಿದೆ. ಮಧ್ಯಾಹ್ನ ತರಗತಿ ಇಲ್ಲದ ದಿನಗಳಲ್ಲಿ ಬಂದರೆ ಸಾಕು ಎಂದ ಮಾಲೀಕ. ಕೆಲಸವೂ ಕಷ್ಟದ್ದಲ್ಲ. "ಗಿರಾಕಿ ಯಾವ ಸೀರಿ ಮೈಮ್ಯಾಲೆ ಹಾಕ್ಕೊಂಡ್ರೂ ಛಲೋ ಕಾಣತೈತ್ರಿ ಅನ್ನು. ಮುಂದಿಂದು ಅವರ ನೋಡಕೋತಾರ," ಎಂದು ಹೇಳಿಕೊಟ್ಟ. ಮೊದಲ ಗಿರಾಕಿಯಾಗಿ ಬಂದ ಹೆಂಗಸು ಕುಂಬಳದ ಹೂವಿನ ಬಣ್ಣದ ಸೀರೆಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು. ಸತ್ಯ ನುಡಿಯುವುದು ನನ್ನ ಹುಟ್ಟು ಗುಣ.

"ಅಕ್ಕಾರ, ಈ ಬಣ್ಣ ನಿಮಗ ಒಪ್ಪೂದಿಲ್ರಿ," ಎಂದೆ.

"ಹಂಗಾರ ಒಪ್ಪೂದ ಯಾವದೈತಿ, ತೋರಸವಾ."

ಇದ್ದಬದ್ದ ಸೀರೆಗಳನ್ನೆಲ್ಲ ಬಿಚ್ಚಿದೆ. ಯಾವುದೂ ಒಪ್ಪಲಿಲ್ಲ. ಕೊನೆಗೆ, ಬರುವಾಗ ಎದುರಿನ ಅಂಗಡಿಯ ಗಾಜಿನೊಳಗೆ ಒಂದು ಮೆಂತ್ಯದ ಬಣ್ಣದ ಸೀರೆ ನೋಡಿದ್ದು ನೆನಪಾಗಿ ಅದನ್ನೂ ಹೇಳಿಬಿಟ್ಟೆ. ಆ ತಾಯಿ ನನ್ನ ಗಲ್ಲ ಹಿಡಿದು ಹರಸಿ, ಜೊತೆಗೆ ಬಂದವರನ್ನೆಲ್ಲ ಕರೆದುಕೊಂಡು ಎದುರಿನ ಅಂಗಡಿಗೆ ಹೋದರು. ಮಾಲೀಕ ನನಗೆ ಚಹಾ ತರಿಸಿದ. "ತಂಗಿ, ನೀ ಓದೂ ಹುಡುಗಿ," ಎಂದ ಬಹಳ ಸಮಾಧಾನದಿಂದ. "ಓದವಾ." ಚಹಾ ಚೆನ್ನಾಗಿತ್ತು.

ಎರಡನೆಯ ಕೆಲಸ ತಾನಾಗಿಯೇ ಒದಗಿ ಬಂತು. ನಮ್ಮೂರಿನ ಸಿದ್ದಪ್ಪ ಕಾಕಾ ಬೈಲಹೊಂಗಲದ ಓಣಿ ಓಣಿಗಳಲ್ಲಿ ಆಟೊದಲ್ಲಿ ಉಳ್ಳಾಗಡ್ಡಿ ಮಾರುತ್ತಾನೆ. ಕೂಗಿ ಕೂಗಿ ಅವನ ಗಂಟಲು ಬಿದ್ದುಹೋಗಿತ್ತು. ನನ್ನ ಧ್ವನಿಯಲ್ಲಿ ರೆಕಾರ್ಡ್ ಮಾಡಿಕೊಟ್ಟರೆ ಆಟೊದ ಮೈಕಿನಲ್ಲಿ ಹಚ್ಚುತ್ತೇನೆ, ಚೆನ್ನಾಗಿ ನಡೆದರೆ ಬಾಕಿ ಆಟೊದವರಿಗೂ ನೀನೇ ಮಾಡಿಕೊಡುವಿಯಂತೆ ಎಂದ. 'ಉಳ್ಳಾಗಡ್ಡಿ ತಗೋರಿ ಉಳ್ಳಾಗಡ್ಡಿ' ಎಂದಷ್ಟೇ ಹೇಳಿದರೆ ಸಾಕಿತ್ತು ಅವನಿಗೆ. ಆದರೆ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಹಾಗೆ ಕೂಗುವುದು ಶೋಭೆಯೇ? ನಾನು ಒಂದು ಘನವಾದ ನುಡಿಯನ್ನು ಸಿದ್ಧಪಡಿಸಿದೆ. 'ಮಾನ್ಯ ನಾಗರಿಕರಲ್ಲಿ ಸವಿನಯ ಪ್ರಾರ್ಥನೆ. ನಿಮ್ಮ ಮನೆಯ ಬಾಗಿಲಿಗೇ ಆಗಮಿಸಿರುವ ಈ ವಾಹನದ ಸದುಪಯೋಗವನ್ನು ಎಲ್ಲರೂ ತಪ್ಪದೇ ಪಡೆದುಕೊಳ್ಳಬೇಕು. ಮನೆಯ ಸ್ವಚ್ಛತೆ, ಕುಟುಂಬದ ಆರೋಗ್ಯ...' ಹೀಗೆ ಸಾಗಿ, ಉಳ್ಳಾಗಡ್ಡಿಯ ಹೆಸರು ಕೊನೆಯಲ್ಲಿ ಬರುತ್ತಿತ್ತು. ಅಲ್ಲಿಯವರೆಗೆ ಯಾರೂ ಕಾಯಲಿಲ್ಲ.

ಆಟೊ ಓಣಿಗೆ ಹೊಕ್ಕಿದ್ದೇ ತಡ, ಹೆಂಗಸರೆಲ್ಲ ಕಸದ ಬಕೀಟು ಹಿಡಿದು ಹೊರಬಂದರು. ಪಟ್ಟಣದ ಕಸದ ಗಾಡಿಯೂ ಇದೇ ಧಾಟಿಯಲ್ಲಿ ಮಾತಾಡುತ್ತದೆ, ಅದು ನನಗೆ ಹೊಳೆದಿರಲಿಲ್ಲ. ಒಬ್ಬಾಕೆಯಂತೂ ಹಸಿ ಕಸ, ಒಣ ಕಸ ಬೇರೆ ಬೇರೆ ಮಾಡಿ ತಂದಿದ್ದಳು. ಅವಳ ಶಿಸ್ತನ್ನು ಮೆಚ್ಚಲೇಬೇಕು.

"ಬ್ಯಾರೆ ಬ್ಯಾರೆ ತಂದಿದ್ಲು ಖರೆ," ಎಂದ ಸಿದ್ದಪ್ಪ ಕಾಕಾ ಸಂಜೆ, ಬಿದ್ದ ಗಂಟಲಿನಲ್ಲೇ. "ಆದ್ರ ಎರಡೂ ಉಳ್ಳಾಗಡ್ಡಿ ಮ್ಯಾಲ ಸುರುವಿದ್ಲು."

ಎರಡು ಉದ್ಯೋಗ ಹೋದವು. ಯುಗಾದಿ ಹತ್ತಿರ ಬರುತ್ತಿತ್ತು. ಅವ್ವ ಅಟ್ಟದ ಮೇಲಿನ ದೊಡ್ಡ ಪಾತ್ರೆಗಳನ್ನು ಇಳಿಸಿ, ತೊಳೆದು ಬಿಸಿಲಿಗೆ ಇಡತೊಡಗಿದಳು. ಆ ಪಾತ್ರೆಗಳನ್ನು ನೋಡಿದಾಗಲೆಲ್ಲ ನನಗೆ ನಿಜವಾಗಿಯೂ ಅಳು ಬರುತ್ತಿತ್ತು. ನನಗೆ ಓದುವುದು ಇಷ್ಟವಿತ್ತು. ಹೆಚ್ಚಿಗೆ ಏನನ್ನೂ ನಾನು ಕೇಳಿರಲಿಲ್ಲ.

ಆಗ ನನ್ನ ಕೈ ಹಿಡಿದವರು ರಸೂಲ್ ಚಾಚಾ. ಮದುವೆಗಳಿಗೆ ಮೈಕು, ದೀಪ, ಶಾಮಿಯಾನ ಒದಗಿಸುವವರು. ಉಳ್ಳಾಗಡ್ಡಿಯ ಆಟೊ ತಮ್ಮ ಅಂಗಡಿಯ ಮುಂದೆ ಹಾಯ್ದಾಗ ಅವರೂ ಕಸದ ಬಕೀಟು ಹಿಡಿದು ಹೊರಬಂದವರೇ. ನಿಜ ತಿಳಿದ ಮೇಲೆ ನಕ್ಕು, ನಾನು ಯಾರೆಂದು ವಿಚಾರಿಸಿ ಕರೆಸಿಕೊಂಡರು.

"ಬೇಟಿ, ನಿನ್ನ ದನಿ ಕೇಳಿದ ಕೂಡಲೆ ಮಂದಿ ಎದ್ದ ಬರತಾರ. ಇಂಥಾ ದನೀನ ನನಗ ಬೇಕಾಗಿತ್ತು. ಲಗ್ನದಾಗ ಮೈಕಿನ ಮುಂದ ನಿಂತು ಬೀಗರನ್ನ ಕರಿ, ಬಂದವರಿಗೆ ನಮಸ್ಕಾರಾ ಹೇಳು, ಊಟಕ್ಕ ಏಳಸು. ರವಿವಾರ, ಸೂಟಿ ದಿನಾ ಅಷ್ಟ. ಕಾಲೇಜು ತಪ್ಪಂಗಿಲ್ಲ. ಒಂದ ಲಗ್ನಾ ಛಲೋ ಮಾಡಿ ತೋರಸು, ವರ್ಷಾನಗಟ್ಟಲೆ ಕೆಲಸಾ ನಿಂದ."

ಮನೆಗೆ ಬಂದು ಸುದ್ದಿ ಹೇಳಿದಾಗ ಅವ್ವ ತೊಳೆಯುತ್ತಿದ್ದ ಪಾತ್ರೆ ಕೆಳಗಿಟ್ಟಳು. "ಲಗ್ನಾ ಬ್ಯಾಡಂತ ಲಗ್ನದ ಮನೀಗೇ ದುಡ್ಯಾಕ ಹೊಂಟಿ ಅನ್ನು. ಎಲ್ಲಿ ಲಗ್ನಾ?"

"ಮುನವಳ್ಳಿ ಕಡೆ, ಬೇ. ಹುಡುಗನವರು ಸವದತ್ತಿಯವರಂತ."

ಅವ್ವನ ಮುಖ ಒಮ್ಮೆಲೇ ಅರಳಿತು. ಪೆಟ್ಟಿಗೆ ತೆರೆದು ತನ್ನ ಮದುವೆಯ ಹಸಿರು ಇಳಕಲ್ಲ ಸೀರೆ ತೆಗೆದುಕೊಟ್ಟಳು. "ಮಂದ್ಯಾಗ ನಿಂದರಾಕಿ. ಚಂದ ಕಾಣಬೇಕು," ಎಂದು ತಾನೇ ನೆರಿಗೆ ಹಿಡಿದು ಉಡಿಸಿ ಮಲ್ಲಿಗೆ ಮುಡಿಸಿದಳು. ಅವ್ವ ಕೊನೆಗೂ ನನ್ನ ಕಡೆಗೆ ಒಲಿದಳೆಂದು ನಾನು ಹಿಗ್ಗಿದೆ. ಎಂಥ ದಡ್ಡಿ ನಾನು!

ಮದುವೆಯ ಮಂಟಪ ತುಂಬಿ ತುಳುಕುತ್ತಿತ್ತು. ಒಳಗೆ ಜಾಗ ಸಾಲದೆ ಹೊರಗೆ ಶಾಮಿಯಾನ ಹಾಕಿ, ಅಲ್ಲಿ ಕುಳಿತವರಿಗಾಗಿ ಒಂದು ದೊಡ್ಡ ಪರದೆ ಕಟ್ಟಿದ್ದರು. ಚಾಚಾ ವೇದಿಕೆಯ ಮೂಲೆಯಲ್ಲಿ ಮೈಕಿನ ಪೆಟ್ಟಿಗೆ ಇಟ್ಟು ನನಗೆ ಪಾಠ ಮಾಡಿದರು.

"ಹಸರ ಗುಂಡಿ ಒತ್ತಿದ್ರ ಬರೇ ಶಹನಾಯಿ. ಈ ನೀಲಿ ಗುಂಡಿ ಐತೆಲ್ಲ, ಇದು ಅಕ್ಕಿಕಾಳಿಂದು. ಮಂಗಳಾಷ್ಟಕದ ಕಡೀ ಸಾಲು, ಡೊಳ್ಳು, ಶಹನಾಯಿ ಎಲ್ಲಾ ಇದರಾಗ ತುಂಬೇನಿ. ಲಗ್ನಾ ಮಾಡಸೂ ಅಯ್ಯನವರು ಕೈ ಎತ್ತಿದ ಮ್ಯಾಲ ನಾನ ಒತ್ತತೇನಿ. ಅಲ್ಲೀತನಕಾ ಅದರ ಕಡೆ ಬಟ್ಟ ತೋರಸೂದೂ ಬ್ಯಾಡ."

ಆ ಗುಂಡಿಯ ಮಹತ್ವವನ್ನು ಇಲ್ಲಿ ಹೇಳಲೇಬೇಕು. ನಮ್ಮ ಕಡೆ ಮದುವೆಯೆಂದರೆ ಅಕ್ಕಿಕಾಳು. ಅರಿಸಿನ ಹಚ್ಚಿದ ಅಕ್ಕಿಯನ್ನು ಎಲ್ಲರಿಗೂ ಮೊದಲೇ ಹಂಚಿರುತ್ತಾರೆ. ಜನ ಅದನ್ನು ಮುಷ್ಟಿಯಲ್ಲಿ ಹಿಡಿದು ಮಾತಾಡುತ್ತಾ ಕುಳಿತಿರುತ್ತಾರೆ. ಹಿಂದೆ ಕುಳಿತವರಿಗೆ ವೇದಿಕೆಯಾಗಲಿ, ವರನಾಗಲಿ ಕಾಣುವುದಿಲ್ಲ, ಕಾಣಬೇಕೆಂಬ ಹಟವೂ ಇಲ್ಲ. ವಾದ್ಯ ಮೊಳಗಿತೆಂದರೆ ಎದ್ದು ನಿಂತು ಅಕ್ಕಿಕಾಳು ಒಗೆಯುವುದು, ಒಗೆದ ಕೈಯನ್ನು ಇಳಿಸುವ ಮೊದಲೇ ಊಟದ ಮನೆಗೆ ಓಡುವುದು. ಮೊದಲ ಪಂಕ್ತಿ ತಪ್ಪಿದರೆ ಎರಡನೆಯದಕ್ಕೆ ಹುಗ್ಗಿ ತಣ್ಣಗಾಗಿರುತ್ತದೆ.

ನನ್ನ ಕೆಲಸ ಮೊದಮೊದಲು ಭರ್ಜರಿಯಾಗಿಯೇ ನಡೆಯಿತು. ಅಡುಗೆಮನೆಯ ದಾರಿಗೆ ಒಂದು ಬಿಳಿ ಕಾರು ಅಡ್ಡ ನಿಂತಿದೆ ಎಂದು ಅಡುಗೆಯ ಬಸಣ್ಣ ಬಂದು ದೂರಿದ. ನಾನು ಮೈಕಿನಲ್ಲಿ, "ಬಿಳಿ ಬಣ್ಣದ ವಾಹನದ ಚಾಲಕರು ತಮ್ಮ ವಾಹನವನ್ನು ಕೂಡಲೇ ತೆರವುಗೊಳಿಸಿ, ನವಿಲುತೀರ್ಥದ ರಸ್ತೆಯ ಬದಿಯ ಮರಗಳ ನೆರಳಿನಲ್ಲಿ ನಿಲ್ಲಿಸಬೇಕಾಗಿ ವಿನಂತಿ," ಎಂದು ಘೋಷಿಸಿದೆ. ಅಂಗಳದಲ್ಲಿ ಬಿಳಿ ಕಾರುಗಳು ಎರಡಿದ್ದವು. ಅಡ್ಡ ನಿಂತ ಕಾರಿನವನು ಅಲುಗಾಡಲಿಲ್ಲ. ಇನ್ನೊಂದು ಕಾರಿನ ಚಾಲಕ ಮಾತ್ರ ಬಹಳ ವಿಧೇಯ. ಅವನು ಹೇಳಿದಂತೆ ಹೋಗಿ, ಹೇಳಿದ ಮರದ ಕೆಳಗೆ ನಿಲ್ಲಿಸಿ, ತಂಪು ಗಾಳಿಗೆ ಮಲಗಿಯೂ ಬಿಟ್ಟ. ಅದು ಮದುಮಗನ ಕಾರು. ಮುಹೂರ್ತಕ್ಕೆ ಮೊದಲು ದೇವರಿಗೆ ಕೈ ಮುಗಿಯಲೆಂದು ವರನನ್ನು ಹನುಮಪ್ಪನ ಗುಡಿಗೆ ಬಿಟ್ಟು ಬಂದು, ಮರಳಿ ಕರೆತರಲು ಹೊರಟು ನಿಂತಿದ್ದ ಕಾರು.

ಮುಹೂರ್ತ ಹತ್ತಿರವಾಯಿತು, ವರನಿಲ್ಲ. ವರನ ಸೋದರಮಾವ ಬೆವರು ಒರೆಸಿಕೊಳ್ಳುತ್ತಾ ವೇದಿಕೆಗೆ ಬಂದರು. ವಿಷಯ ತಿಳಿದ ಚಾಚಾ ತಲೆ ಮೇಲೆ ಕೈ ಇಟ್ಟುಕೊಂಡು, ತಮ್ಮ ಬೈಕಿನ ಕೀಲಿ ಹುಡುಕಿದರು. "ನಾ ಹೋಗಿ ಕರಕೊಂಡ ಬರತೇನಿ. ನೀ ಏನಾರ ಮಾತಾಡಿ ಮಂದೀನ ಹಿಡದಿಡು. ಗುಂಡಿ ಮಾತ್ರ ಮುಟ್ಟಬ್ಯಾಡ."

ಮಾತಾಡುವುದಕ್ಕೆ ನನಗೆ ವಿಷಯದ ಕೊರತೆಯೇ? ಆ ವರ್ಷ ನಾನು ಚೆನ್ನಾಗಿ ಓದಿಕೊಂಡಿದ್ದ ಅಧ್ಯಾಯವೇ 'ವಿವಾಹ ಸಂಸ್ಥೆ'. ಇದಕ್ಕಿಂತ ಒಳ್ಳೆಯ ಸಂದರ್ಭ ಎಲ್ಲಿ ಸಿಕ್ಕೀತು? ವಿವಾಹದ ಉಗಮದಿಂದ ಆರಂಭಿಸಿದೆ. ಜನ ಆಕಳಿಸಿದರು, ನಾನು ಬಿಡಲಿಲ್ಲ. "ಜಗತ್ತಿನ ಕೆಲವು ಸಮಾಜಗಳಲ್ಲಿ ಒಬ್ಬ ಸ್ತ್ರೀ ಏಕಕಾಲಕ್ಕೆ ಅನೇಕ ಪತಿಗಳನ್ನು ಹೊಂದಿರುವುದು ರೂಢಿಯಲ್ಲಿದೆ," ಎಂದಾಗ ಆಕಳಿಕೆ ನಿಂತಿತು. ಮುಂದಿನ ಸಾಲಿನ ಹಿರಿಯರೊಬ್ಬರು ಕೋಲು ಊರಿ ನೆಟ್ಟಗೆ ಕುಳಿತರು. ಸೋದರಮಾವ ಓಡಿಬಂದು ಮೈಕಿಗೆ ಕೈ ಅಡ್ಡ ಹಿಡಿದರು.

"ತಂಗಿ, ನಿನಗ ಕೈ ಮುಗೀತೇನಿ. ಶಹನಾಯಿ ಹಚ್ಚವಾ, ಸಾಕು."

ಮದುವೆಯ ಮನೆಯವರೇ ಕೈ ಮುಗಿದು ಕೇಳುವಾಗ ಹೇಗೆ ಒಲ್ಲೆ ಎನ್ನಲಿ? ಹಸಿರು ಗುಂಡಿ ಒತ್ತಿದೆ. ಸದ್ದಿಲ್ಲ. ಮೈಕಿನಲ್ಲಿ ಹಲೋ ಎಂದೆ, ಅದೂ ಸತ್ತಿತ್ತು. ಸೋದರಮಾವ ಓಡಿಬರುವಾಗ ಯಾವುದೋ ವಯರು ಕಾಲಿಗೆ ಸಿಕ್ಕು ಕಿತ್ತುಬಂದಿತ್ತು. ನಾನು ಇದ್ದಬದ್ದ ಗುಂಡಿಗಳನ್ನೆಲ್ಲ ಒಂದೊಂದಾಗಿ ಒತ್ತಿ ನೋಡಿದೆ. ಯಾವುದೂ ಕೆಲಸ ಮಾಡದಿರುವಾಗ ನೀಲಿಯದನ್ನು ಒತ್ತಿದರೆ ತಾನೆ ಏನಾದೀತು ಎಂದು ಅದನ್ನೂ ಒತ್ತಿದೆ. ಏನೂ ಆಗಲಿಲ್ಲ. ನನ್ನ ತರ್ಕ ಸರಿಯಾಗಿಯೇ ಇತ್ತು.

ವಯರಿನ ಜಾಡು ಹಿಡಿದು ಹೋದೆ. ಅದು ವೇದಿಕೆಯ ನಟ್ಟನಡುವೆ, ವಧೂವರರ ಎರಡು ಸಿಂಹಾಸನಗಳ ಮಧ್ಯೆ ಬಿದ್ದಿತ್ತು. ಬಗ್ಗಿ ಅದನ್ನು ಗಟ್ಟಿಯಾಗಿ ಸಿಕ್ಕಿಸಿ, ಸೆರಗು ಸರಿಮಾಡಿಕೊಂಡು, ಕೆಲಸ ಮುಗಿಸಿದ ತೃಪ್ತಿಯಿಂದ ಎದ್ದು ನಿಂತೆ.

ಡೊಳ್ಳು, ಶಹನಾಯಿ, ಮಂಗಳಾಷ್ಟಕದ ಕಡೆಯ ಸಾಲು ಎಲ್ಲ ಒಟ್ಟಿಗೇ ಮೊಳಗಿದವು.

ಸಭೆಗೆ ಸಭೆಯೇ ಎದ್ದಿತು. ಎಲ್ಲ ಕಡೆಯಿಂದ ಅಕ್ಕಿಕಾಳು ಹಾರಿ ಬಂದವು. ಸೋದರಮಾವ, ಅಯ್ಯನವರು ಇಬ್ಬರೂ ವರನ ದಾರಿ ನೋಡಲು ಬಾಗಿಲಿಗೆ ಹೋಗಿದ್ದರಿಂದ ವೇದಿಕೆಯ ಮೇಲೆ ಇದ್ದವಳು ನಾನೊಬ್ಬಳೇ, ಹಸಿರು ಸೀರೆ ಉಟ್ಟು, ಮಲ್ಲಿಗೆ ಮುಡಿದು, ಎರಡು ಸಿಂಹಾಸನಗಳ ನಡುವೆ. ಅಕ್ಕಿಕಾಳು ತಲೆ ಮೇಲೆ ಬಿದ್ದರೆ ಕೈ ಮುಗಿದು ತಲೆ ಬಾಗಿಸಬೇಕು ಎಂದು ಚಿಕ್ಕಂದಿನಿಂದ ಕಲಿಸಿದ್ದರು. ಗಾಬರಿಯಲ್ಲಿ ಬೇರೇನೂ ಹೊಳೆಯದೆ ಅದನ್ನೇ ಮಾಡಿದೆ. ವಿಡಿಯೊದವನು ನಾಚಿದ ಮದುಮಗಳೆಂದು ತಿಳಿದು ನನ್ನ ಮುಖವನ್ನು ಪರದೆಯ ತುಂಬ ದೊಡ್ಡದು ಮಾಡಿ ತೋರಿಸಿದ. ಹೊರಗೆ ಶಾಮಿಯಾನದಲ್ಲಿದ್ದವರು, "ಕನ್ಯಾ ಛಲೋ ಐತಿ. ವರಾ ಗಿಡ್ಡ ಇರಬೇಕು, ಕಾಣವಲ್ಲ," ಎಂದು ಮಾತಾಡಿಕೊಂಡದ್ದು ಆಮೇಲೆ ತಿಳಿಯಿತು.

ಪಕ್ಕದ ಕೋಣೆಯಿಂದ ನಿಜವಾದ ಮದುಮಗಳು ಹಣೆಗೆ ಹೂವಿನ ದಂಡೆ ಕಟ್ಟಿಕೊಳ್ಳುವುದನ್ನು ಅರ್ಧಕ್ಕೆ ಬಿಟ್ಟು ಓಡಿಬಂದಳು. "ನಾ ಇಲ್ಲೇ ಅದೀನಲ್ರಿ, ಯಾರದಾತು ಲಗ್ನಾ?" ಎಂದು ಕೇಳಿದಳು. ಎಲ್ಲರೂ ಊಟಕ್ಕೆ ಹೋಗಿಯಾಗಿತ್ತು. ಬಸಣ್ಣ ಅನ್ನದ ಗಂಜಿ ಬಸಿಯುತ್ತಿದ್ದವನು ಊಟದ ಮನೆ ತುಂಬಿದ್ದು ಕಂಡು ಜರಡಿ ಕೈಬಿಟ್ಟನಂತೆ.

ಖಾಲಿ ಕುರ್ಚಿಗಳ ನಡುವೆ ಒಬ್ಬ ಹೆಂಗಸು ಮಾತ್ರ ಉಳಿದಿದ್ದರು. ಅವರು ನಿಧಾನವಾಗಿ ವೇದಿಕೆ ಹತ್ತಿ, ಕನ್ನಡಕ ಸರಿಮಾಡಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀ ಸಂಗೊಳ್ಳಿ ಗಿರಿಜಾ ಅಲ್ಲೇನವಾ?"

"ಹೌದ್ರಿ. ನೀವು?"

"ನಿನ್ನ ಫೋಟೊ ನಮ್ಮ ಮನ್ಯಾಗ ಐತಿ. ರಾಮದುರ್ಗದಾಗ," ಎಂದರು ಗಂಗವ್ವ. ಆಮೇಲೆ ನನ್ನ ಹೆಗಲ ಮೇಲಿನ ಒಂದು ಅಕ್ಕಿಕಾಳನ್ನು ತೆಗೆದು, ನೋಡಿ, ಕೆಳಗಿಟ್ಟು ಹೋದರು.

ಅಷ್ಟರಲ್ಲಿ ಚಾಚಾನ ಬೈಕು ಬಂತು. ಹಿಂದೆ ಮದುಮಗ, ಒಂದು ಕೈಯಲ್ಲಿ ಬಾಸಿಂಗ, ಇನ್ನೊಂದು ಕೈಯಲ್ಲಿ ಚಾಚಾನ ಸೊಂಟ. "ಎಲ್ಲಾರೂ ಉಣ್ಣಾಕ ಕುಂತಾರಲ್ರಿ?" ಎಂದ ಪಾಪ. ಚಾಚಾ ಮೊದಲು ಉರಿಯುತ್ತಿದ್ದ ನೀಲಿ ಗುಂಡಿಯನ್ನು ನೋಡಿದರು, ಆಮೇಲೆ ನನ್ನ ತಲೆಯನ್ನು ನೋಡಿದರು, ಆಮೇಲೆ ಒಂದು ಕುರ್ಚಿ ಎಳೆದುಕೊಂಡು ಕುಳಿತರು.

ಎರಡನೆಯ ಸಲ ಮುಹೂರ್ತ ನಡೆಯಿತು, ಈ ಬಾರಿ ವಧೂವರರ ಸಮೇತ. ಆದರೆ ಅಕ್ಕಿಕಾಳು ಮುಗಿದಿದ್ದವು. ಅಡುಗೆಮನೆಯಿಂದ ಅಕ್ಕಿ ತರಿಸಿ, ಸಾರಿಗಿಟ್ಟ ಅರಿಸಿನ ಕಲೆಸಿ ಮನೆಯವರಿಗಷ್ಟೇ ಹಂಚಿದರು. ವಾದ್ಯ ಮೊಳಗಿದಾಗ ಊಟದ ಪಂಕ್ತಿಯಲ್ಲಿದ್ದವರು ಅಭ್ಯಾಸಬಲದಿಂದ ಅರ್ಧ ಎದ್ದು, ಕೈಯಲ್ಲಿದ್ದದ್ದನ್ನೇ ಒಗೆದರು. ಬಾಗಿಲ ಬಳಿ ಕುಳಿತವರ ಬುಂದಿಕಾಳು ವರನ ಬಾಸಿಂಗದವರೆಗೂ ತಲುಪಿತು.

ನಾನು ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಊರಿಗೆ ಬಂದೆ. ಕೆಲಸ ಹೋಯಿತು. ಇನ್ನು ಕನ್ಯೆ ನೋಡುವ ಶಾಸ್ತ್ರ, ಆಮೇಲೆ ಎಂ.ಎ. ಪುಸ್ತಕಗಳು ಅಟ್ಟಕ್ಕೆ, ಪಾತ್ರೆಗಳಿದ್ದ ಜಾಗಕ್ಕೆ. ಆ ದಿನ ಸೀಟು ಸಿಕ್ಕಿತ್ತು, ಆದರೂ ಓದಲಿಲ್ಲ.

ಮನೆಯಲ್ಲಿ ಅವ್ವ ಫೋನು ಹಿಡಿದು ಹೊಸ್ತಿಲ ಮೇಲೆ ಕುಳಿತಿದ್ದಳು. ನಾನು ಕೈ ಮುಗಿದು ನಿಂತ ವಿಡಿಯೊ ಊರಿನ ಎಲ್ಲರ ಸ್ಟೇಟಸ್ಸಿನಲ್ಲೂ ನನಗಿಂತ ಮೊದಲೇ ಬಂದು ಮುಟ್ಟಿತ್ತು.

"ರಾಮದುರ್ಗದಿಂದ ಫೋನ್ ಬಂದಿತ್ತು," ಎಂದಳು.

"ಯಾವಾಗ ಬರತಾರಂತ?" ಎಂದೆ ಸಣ್ಣ ದನಿಯಲ್ಲಿ.

"ಬರೂದಿಲ್ಲಂತ. ಮಂದೀ ಲಗ್ನದಾಗ ಅಕ್ಕಿಕಾಳ ಹಾಕಿಸಿಕೊಂಡ ಹುಡುಗೀಗೆ ಮತ್ತ ನಾವು ಹೆಂಗ ಹಾಕೂದರಿ ಅಂದ್ಲು ಆ ಗಂಗವ್ವ. ಫೋಟೊ ಪೋಸ್ಟಿನಾಗ ಕಳಸತಾರಂತ."

ಒಳಗಿನಿಂದ ಅಪ್ಪ ಕೆಮ್ಮುವಂತೆ ನಕ್ಕ. "ನೀನ ಸೀರಿ ಉಡಿಸಿ ಕಳಿಸಿದೆಲ್ಲ. ಸವದತ್ತಿಯವರು ಗಂಗವ್ವನ ಬಳಗ, ಆಕಿ ಆ ಲಗ್ನಕ್ಕ ಬರತಾಳ, ಚಂದಂಗ ನೋಡಲಿ ಅಂದಿದ್ದಿ. ನೋಡಿದ್ಲು."

ಆಗ ನನಗೆ ಹಸಿರು ಸೀರೆಯ ಗುಟ್ಟು ತಿಳಿಯಿತು. ಅವ್ವನ ಮೇಲೆ ಸಿಟ್ಟು ಬರಬೇಕಿತ್ತು. ಬದಲಿಗೆ ನಗು ಬಂತು, ಅದನ್ನು ತಡೆಯಲು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ. ಎರಡು ಸಲ ತೊಳೆದರೂ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ರಸೂಲ್ ಚಾಚಾ ಬೈಕು ಹತ್ತಿ ನಮ್ಮ ಮನೆಗೇ ಬಂದರು. ನಾನು ಬಾಗಿಲ ಹಿಂದೆ ನಿಂತೆ. ಅವ್ವ ಕೊಟ್ಟ ಚಹಾ ಕುಡಿದು ಮುಗಿಸಿದ ಮೇಲೆ ಬಾಯಿಬಿಟ್ಟರು.

"ಮದಿಮಗ ಇಲ್ದ ಅಕ್ಕಿಕಾಳ ಹಾಕಿಸಿದ ಮೈಕ ನಿಮ್ದ ಏನ್ರಿ ಅಂತ ಮಂದಿ ಫೋನ್ ಮಾಡಿ, ನಗತಾರ. ನಕ್ಕು, ತಮ್ಮ ಮನೀ ಲಗ್ನಕ್ಕೂ ನನಗ ಹೇಳಾಕತ್ತಾರ. ಅದಕ್ಕ ಬರೂ ರವಿವಾರ ಬಾ ಬೇಟಿ. ಕೆಲಸಾ ಐತಿ. ಆದ್ರ ಮೈಕಿನ ಕೆಲಸಾ ಅಲ್ಲ."

ಹೀಗೆ ನನ್ನ ಎಂ.ಎ. ಉಳಿಯಿತು, ಅರೆಕಾಲಿಕ ಉದ್ಯೋಗವೂ ಸಿಕ್ಕಿತು. ಈಗ ನಾನು ರವಿವಾರಗಳಂದು ಮದುವೆ ಮಂಟಪದ ಬಾಗಿಲಲ್ಲಿ, ಮೈಕಿನಿಂದ ಸಾಕಷ್ಟು ದೂರದಲ್ಲಿ ನಿಂತು ಬಂದವರಿಗೆಲ್ಲ ಅಕ್ಕಿಕಾಳು ಹಂಚುತ್ತೇನೆ. ಹಂಚುವಾಗ ಪ್ರತಿಯೊಬ್ಬರಿಗೂ ಚಾಚಾ ಹೇಳಿಕೊಟ್ಟ ಒಂದೇ ಮಾತನ್ನು ಹೇ‍ಳಬೇಕು: "ಮದಿಮಗನ್ನ ನೋಡಿ ಒಗೀರಿ." ವಿವಾಹ ಸಂಸ್ಥೆಯ ಬಗ್ಗೆ ಇಷ್ಟೆಲ್ಲ ಓದಿದವಳಿಗೆ ಅಷ್ಟು ಮಾತು ಸಾಕೆಂದು ಅವರ ಅಭಿಪ್ರಾಯ.

ಅವ್ವ ಆ ವಾರವೆಲ್ಲ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ನನ್ನನ್ನು ಮುಂದೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಾಗ, ಜಡೆಯ ಬುಡದಲ್ಲಿ ಅಡಗಿದ್ದ ಒಂದು ಅರಿಸಿನದ ಅಕ್ಕಿಕಾಳು ಬಾಚಣಿಗೆಗೆ ಸಿಕ್ಕಿತು. ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ನಗುವಿಗೆ ಅವಳ ಹೊಟ್ಟೆ ಕುಲುಕುವುದು ನನ್ನ ಬೆನ್ನಿಗೆ ತಿಳಿಯುತ್ತಿತ್ತು.

"ವಾದ್ಯಾ ಊದಿಸಿದಿ, ಅಕ್ಕಿಕಾಳ ಹಾಕಿಸಿಕೊಂಡಿ, ಮಂದಿಗೆಲ್ಲಾ ಹುಗ್ಗಿ ಊಟಾನೂ ಹಾಕಿಸಿದಿ," ಎಂದಳು ಅವ್ವ. "ವರಾ ಒಬ್ಬನ್ನ ಮರತಿ ನೋಡ, ನನ್ನ ಮಗಳ."